ನನ್ನ ಸಂಶೋಧನೆ ಮಾರ್ಗದರ್ಶಕರ ಹೆಸರಿನಲ್ಲಿ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ (ಕಾರವಾರ):
ಎರಡು ವರ್ಷ ಅಘನಾಶಿನಿ ನದಿಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಬಳಚು (ಚಿಪ್ಪುಜೀವಿ) ಎಣಿಸಿ, ನೀರಿನ ಉಪ್ಪಿನಂಶ ಬರೆದಿಟ್ಟು, ಅವುಗಳ ನಕ್ಷೆ ಮಾಡಿದವಳು ನಾನು. ಕಳೆದ ತಿಂಗಳು ನಮ್ಮ ಮಾರ್ಗದರ್ಶಕರು ಅದೇ ನಕ್ಷೆಗಳನ್ನು ತಮ್ಮೊಬ್ಬರ ಹೆಸರಿನಲ್ಲಿ ವಿಚಾರಗೋಷ್ಠಿಯಲ್ಲಿ ಮಂಡಿಸಿದರು. ಒಂದು ನಕ್ಷೆಯ ಮೂಲೆಯಲ್ಲಿ ನಾನು ತಪ್ಪಾಗಿ ಹಾಕಿದ್ದ ದಿನಾಂಕ ಕೂಡ ಹಾಗೆಯೇ ಇತ್ತು! ಪ್ರಬಂಧ ಇನ್ನೂ ಪ್ರಕಟಣೆಗೆ ಹೋಗಿಲ್ಲ. ನನ್ನ ಪಿಎಚ್‌.ಡಿ.ಗೆ ಅವರ ಸಹಿ ಬೇಕು.

ಉತ್ತರ (ಕುಮಟಾ):
ಆ ತಪ್ಪು ದಿನಾಂಕವನ್ನು ದಯವಿಟ್ಟು ತಿದ್ದಬೇಡಿ, ನಿಮ್ಮ ಪಾಲಿಗೆ ಅದೇ ಸಾಕ್ಷಿ. ಕ್ಷೇತ್ರಕಾರ್ಯದ ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದಿಡಿ.

ಉತ್ತರ (ಶಿರಸಿ):
ಪ್ರಬಂಧ ಹೊರಬೀಳುವ ಮೊದಲೇ, ಯಾರನ್ನೂ ದೂರದೆ, ‘ಸರ್, ಲೇಖಕರ ಪಟ್ಟಿಯಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿರಬೇಕೆಂದು ಮಾತನಾಡೋಣವೇ?’ ಎಂದು ಇಮೇಲ್ ಕಳುಹಿಸಿ, ಬಾಯಿಮಾತಿಗೆ ದಾಖಲೆಯಿರುವುದಿಲ್ಲ. ಇನ್ನೊಬ್ಬರ ಕೆಲಸವನ್ನು ತನ್ನದೆಂದು ತೋರಿಸುವುದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯ ಪ್ರಕಾರ ಕೃತಿಚೌರ್ಯವೇ ಆಗಿದ್ದು, ದೂರು ಪರಿಶೀಲಿಸಲು ವಿಭಾಗದಲ್ಲೂ ಸಂಸ್ಥೆಯಲ್ಲೂ ಸಮಿತಿಗಳಿರಬೇಕು. ಆದರೂ ಸಹಿ ಬಾಕಿಯಿರುವಾಗ ನೇರವಾಗಿ ಅಲ್ಲಿಗೆ ಹೋಗುವುದು ನನ್ನ ದೃಷ್ಟಿಯಲ್ಲಿ ಆತುರ. ಮೊದಲು ಸಂಶೋಧನಾ ಸಲಹಾ ಸಮಿತಿಯ ಇನ್ನೊಬ್ಬ ಸದಸ್ಯರಿಗೆ ವಿಷಯ ತಿಳಿಸಿ.

ಉತ್ತರ (ಅಂಕೋಲಾ):
ಆತುರವೆಂದು ಸುಮ್ಮನಿದ್ದು ನಾನು ಎರಡು ಪ್ರಬಂಧ ಕಳೆದುಕೊಂಡೆ. ಇಮೇಲ್‌ಗೆ ಹದಿನೈದು ದಿನ ಗಡುವು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಇಮೇಲ್ ಈಗಷ್ಟೇ ಕಳುಹಿಸಿದೆ. ಪುಸ್ತಕದ ನಾಲ್ಕು ಪುಟ ಕೆಸರು ಮೆತ್ತಿ ಅಂಟಿಕೊಂಡಿವೆ, ಬಿಡಿಸುತ್ತಿದ್ದೇನೆ.