ಅಮ್ಮನಿಗೆ ಪೆಂಫಿಗಸ್. ಕಾಯಿಲೆ ಮುಂದೆ ಯಾವ ದಾರಿ ಹಿಡಿಯುತ್ತದೆ ಅಂತ ಈಗಲೇ ತಿಳಿಯಬಹುದಾ?

ತಿಪಟೂರು ಹುಡುಗಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 51 ವರ್ಷ. ದೀಪಾವಳಿ ಹೊತ್ತಿಗೆ ಬಾಯಲ್ಲಿ ಹುಣ್ಣು ಶುರುವಾಯಿತು. ಉಷ್ಣ ಅಂದುಕೊಂಡೆವು. ಎಳನೀರು, ಮಜ್ಜಿಗೆ, ಬಿ ಕಾಂಪ್ಲೆಕ್ಸ್ ಮಾತ್ರೆ ಎಲ್ಲಾ ಆಯಿತು, ಹಲ್ಲಿನ ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದೆವು. ಸಂಕ್ರಾಂತಿ ಕಳೆದ ಮೇಲೆ ಎದೆ, ಬೆನ್ನು, ನೆತ್ತಿಯ ಮೇಲೆ ನೀರುಗುಳ್ಳೆ. ಸೆರಗು ಉಜ್ಜಿದರೂ ಸಾಕು, ಒಡೆದು ಬೇಯಿಸಿದ ಆಲೂಗಡ್ಡೆ ಸಿಪ್ಪೆ ಥರ ಚರ್ಮ ಜಾರಿ ಬರುತ್ತಿತ್ತು. ಪಕ್ಕದ ಮನೆಯವರು ಸರ್ಪಸುತ್ತು ಅಂದರು. ಕೊನೆಗೆ ಬಯಾಪ್ಸಿ ಮಾಡಿಸಿದಾಗ ಪೆಂಫಿಗಸ್ ವಲ್ಗ್ಯಾರಿಸ್ ಅಂತ ಬಂತು.

ಈಗ ದಿನಕ್ಕೆ 60 ಮಿಲಿಗ್ರಾಂ ಸ್ಟೀರಾಯ್ಡ್, ಮೂರು ವಾರ ಆಯಿತು. ಹೊಸ ಗುಳ್ಳೆ ಬರುತ್ತಿಲ್ಲ. ಬಾಯಿ ಮಾತ್ರ ಹಾಗೇ ಇದೆ. ರಕ್ತದ ರಿಪೋರ್ಟಿನಲ್ಲಿ ಡಿಎಸ್‌ಜಿ 1, ಡಿಎಸ್‌ಜಿ 3 ಎರಡೂ ಜಾಸ್ತಿ. ಎಷ್ಟು ವರ್ಷ ಇರುತ್ತದೆ, ಪೂರ್ತಿ ಹೋಗುತ್ತದಾ ಅಂತ ಕೇಳಿದರೆ ಡಾಕ್ಟರು "ಈಗಲೇ ಹೇಳಲು ಆಗುವುದಿಲ್ಲ, ಮೂರು ತಿಂಗಳು ಆಗಲಿ" ಅಂದರು. ಈ ಮೂರು ತಿಂಗಳ ಲೆಕ್ಕ ಏನು? ತಂಗಿಯ ಮದುವೆ ಮಾತುಕತೆ ನಡೆಯುತ್ತಿದೆ. ಅಮ್ಮ ಮಾತ್ರ "ನಾನು ಇರುವಾಗಲೇ ಬೇಗ ಮುಗಿಸಿಬಿಡಿ" ಅನ್ನುತ್ತಾಳೆ. ಅದನ್ನು ಕೇಳಿಸಿಕೊಳ್ಳೋಕೆ ಆಗುತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಒಂಬತ್ತು ವರ್ಷದ ಪೇಶಂಟ್

ನೋಡಮ್ಮ, ಮೊದಲು ನಿಮ್ಮ ಅಮ್ಮನಿಗೆ ಇದನ್ನು ಓದಿ ಹೇಳು. ನನಗೆ ಇದು ಬಂದು ಒಂಬತ್ತು ವರ್ಷ. ಹೋದ ತಿಂಗಳು ಮಗನ ಗೃಹಪ್ರವೇಶದಲ್ಲಿ ಐವತ್ತು ಜನಕ್ಕೆ ನಾನೇ ನಿಂತು ಬಡಿಸಿದೆ.

ಬಾಯಿ ಒಣಗಲಿಲ್ಲ ಅಂತ ಹೆದರಬೇಡಿ. ನನಗೂ ಮೈ ಬೇಗ ಒಣಗಿತು, ಬಾಯಿ ಮತ್ತು ನೆತ್ತಿ ತಿಂಗಳುಗಟ್ಟಲೆ ಸತಾಯಿಸಿದವು. ಆಗ ರಾಗಿ ಅಂಬಲಿ ಪೂರ್ತಿ ಆರಿಸಿ ಕುಡಿಯುತ್ತಿದ್ದೆ, ಸಾರಿಗೆ ಖಾರ, ಹುಳಿ ಎರಡೂ ಇಲ್ಲ. ಚಕ್ಕುಲಿ, ನಿಪ್ಪಟ್ಟು ಥರದ ಗಟ್ಟಿ ತಿಂಡಿ ಮುಟ್ಟಲೇ ಇಲ್ಲ, ಒಂದು ಚೂರು ಚುಚ್ಚಿದರೂ ಹೊಸ ಹುಣ್ಣಾಗುತ್ತಿತ್ತು. ಆಸ್ಪತ್ರೆಯಲ್ಲಿದ್ದಾಗ ಬೆನ್ನೆಲ್ಲಾ ಹಸಿ ಗಾಯ, ಬೆಡ್‌ಶೀಟ್ ಅಂಟಿಕೊಂಡು ಎಳೆದರೆ ಜೀವ ಹೋದ ಹಾಗೆ ಆಗುತ್ತಿತ್ತು. ಸಿಸ್ಟರ್ ಒಬ್ಬರು ಎಳೆಯ ಬಾಳೆ ಎಲೆ ತೊಳೆದು ಹಾಸಿದರು. ಅದು ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ. ಅವತ್ತು ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡಿದೆ. ಆ ನಿದ್ದೆ ಇವತ್ತಿಗೂ ನೆನಪಿದೆ.

ನನಗೆ ಎರಡು ಸಲ ತಿರುಗಿ ಬಂತು. ಮೊದಲನೇದು ನನ್ನದೇ ತಪ್ಪು: ಮುಖ ಊದಿಕೊಂಡಿತು ಅಂತ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಒಂದೇ ವಾರದಲ್ಲಿ ಸುಸ್ತು, ವಾಂತಿ, ಆಮೇಲೆ ಮೈತುಂಬಾ ಗುಳ್ಳೆ. ಸರಿಹೋಗಲು 11 ತಿಂಗಳು ಹಿಡಿಯಿತು. ಎರಡನೇ ಸಲ ತಲೆ ಬಾಚುವಾಗ ನೆತ್ತಿಯಲ್ಲಿ ಹುರುಕು ಥರ ಎರಡು ಕಡೆ ಕೈಗೆ ಸಿಕ್ಕಿತು. ಅವತ್ತೇ ಫೋನ್ ಮಾಡಿದೆ. ಐದು ವಾರದಲ್ಲಿ ಒಣಗಿತು. ಅದೇ ಕಾಯಿಲೆ, ಅದೇ ಮೈ. ಬೇಗ ಕಣ್ಣಿಗೆ ಬಿತ್ತು, ಅಷ್ಟೇ ವ್ಯತ್ಯಾಸ. ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ದಿನ ಎಷ್ಟು ಹೊಸ ಗುಳ್ಳೆ, ಎಷ್ಟು ಡೋಸ್ ಅಂತ ಬರೆಯುತ್ತಾ ಹೋಗು. ನಮ್ಮ ಡಾಕ್ಟರು ರಿಪೋರ್ಟಿಗಿಂತ ಮೊದಲು ಅದನ್ನೇ ಕೇಳುತ್ತಿದ್ದರು.

ಚರ್ಮರೋಗ ವಿಭಾಗ

ನಾನು ಸ್ಕಿನ್ ಡಾಕ್ಟರ್. ಪರೀಕ್ಷೆ ಮಾಡದೆ ನಿಮ್ಮ ಅಮ್ಮನ ಬಗ್ಗೆ ಏನೂ ಹೇಳಲಾರೆ, ಆದರೆ ಮೂರು ತಿಂಗಳು ಅಂತ ಯಾಕೆ ಹೇಳಿರಬಹುದು ಅನ್ನುವುದನ್ನು ವಿವರಿಸುತ್ತೇನೆ.

ಚರ್ಮದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ಡೆಸ್ಮೋಗ್ಲೈನ್ ಅನ್ನುವ ಪ್ರೋಟೀನ್ ಬೇಕು. ಅದೇ ನಿಮ್ಮ ರಿಪೋರ್ಟಿನ ಡಿಎಸ್‌ಜಿ. ಈ ಕಾಯಿಲೆಯಲ್ಲಿ ಮೈ ತಾನೇ ಅದರ ವಿರುದ್ಧ ಆಂಟಿಬಾಡಿ ಮಾಡಿಕೊಳ್ಳುತ್ತದೆ, ಅಂಟು ಬಿಡುತ್ತದೆ, ನಡುವೆ ನೀರು ತುಂಬುತ್ತದೆ. 3ರ ವಿರುದ್ಧ ಮಾತ್ರ ಇದ್ದರೆ ಹೆಚ್ಚಾಗಿ ಬಾಯಿಯಲ್ಲೇ ಇರುತ್ತದೆ. 1 ಕೂಡ ಸೇರಿದರೆ ಮೈಮೇಲೂ ಬರುತ್ತದೆ. ನಿಮ್ಮ ಅಮ್ಮನಿಗೆ ಎರಡೂ ಇದೆ, ಹಾಗಾಗಿ ಬಾಯಿ, ಮೈ ಎರಡೂ ಕಡೆ ಬಂದಿದೆ.

ಮುಂದೆ ಏನಾಗುತ್ತದೆ ಅಂತ ಓದಲು ಈ ಅಂಕಿಗಳು ಸಹಾಯ ಮಾಡುತ್ತವೆ, ಆದರೆ ಎರಡನ್ನೂ ಒಂದೇ ಥರ ಓದಬಾರದು. ಡಿಎಸ್‌ಜಿ 1 ಸಾಮಾನ್ಯವಾಗಿ ಮೈಮೇಲಿನ ಕಾಯಿಲೆ ಜೊತೆಗೇ ಏರುತ್ತದೆ, ಇಳಿಯುತ್ತದೆ. ಡಿಎಸ್‌ಜಿ 3 ಹಾಗಲ್ಲ, ಬಾಯಿ ಪೂರ್ತಿ ವಾಸಿಯಾಗಿ ಪೇಶಂಟ್ ಹೋಳಿಗೆ ತಿನ್ನುತ್ತಿದ್ದರೂ ಕೆಲವರಲ್ಲಿ ಅದು ಜಾಸ್ತಿಯೇ ಉಳಿದಿರುತ್ತದೆ. ಆ ಒಂದು ಅಂಕಿ ನೋಡಿ ಗಾಬರಿಯಾಗಿ ಡೋಸ್ ಏರಿಸಿಕೊಳ್ಳುವುದು ಬೇಡ. ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ.

ಇನ್ನು ಮೂರು ತಿಂಗಳ ವಿಷಯ. ಫ್ರಾನ್ಸಿನಲ್ಲಿ ಕಾಯಿಲೆ ಹೊಸದಾಗಿ ಗೊತ್ತಾದ 90 ಜನರ ಮೇಲೆ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಶುರುವಿನಲ್ಲೇ ರಿಟುಕ್ಸಿಮ್ಯಾಬ್ (ಆಂಟಿಬಾಡಿ ತಯಾರಿಗೆ ಕಾರಣವಾಗುವ ರಕ್ತಕಣಗಳನ್ನು ತಗ್ಗಿಸುವ ಡ್ರಿಪ್ ಔಷಧ) ಜೊತೆ ಸ್ವಲ್ಪ ಕಾಲ ಸ್ಟೀರಾಯ್ಡ್ ಪಡೆದವರಲ್ಲಿ ಎರಡು ವರ್ಷದ ಹೊತ್ತಿಗೆ ನೂರಕ್ಕೆ 89 ಜನ ಸ್ಟೀರಾಯ್ಡ್ ಇಲ್ಲದೆ, ಗುಳ್ಳೆಯೂ ಇಲ್ಲದೆ ಇದ್ದರು. ಬರೀ ಸ್ಟೀರಾಯ್ಡ್ ಪಡೆದವರಲ್ಲಿ 34. ಆಮೇಲೆ ಅದೇ ತಂಡ, ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಯಾರಿಗೆ ಒಂದು ವರ್ಷದೊಳಗೆ ಮತ್ತೆ ಬಂತು ಅಂತ ಹುಡುಕಿತು. ಪಿಡಿಎಐ ಅಂತ ಇದೆ, ಮೈ, ನೆತ್ತಿ, ಬಾಯಿ ಎಲ್ಲಾ ನೋಡಿ ಡಾಕ್ಟರು ಹಾಕುವ ಅಂಕ. ಶುರುವಿನಲ್ಲಿ ಅದು 45 ಅಥವಾ ಹೆಚ್ಚು ಇದ್ದವರು, ಮೂರನೇ ತಿಂಗಳಿಗೂ ಡಿಎಸ್‌ಜಿ 1ರ ಅಂಕಿ 20ಕ್ಕಿಂತ ಕೆಳಗೆ ಇಳಿಯದವರು ಅಥವಾ ಡಿಎಸ್‌ಜಿ 3ರ ಅಂಕಿ 130ಕ್ಕಿಂತ ಕೆಳಗೆ ಇಳಿಯದವರು, ಇವರಿಗೆ ಅಪಾಯ ಜಾಸ್ತಿ. ಇದರಲ್ಲಿ ಒಂದೂ ಇಲ್ಲದಿದ್ದರೆ ನೂರಕ್ಕೆ 94 ಪಾಲು ಆ ವರ್ಷ ಮರುಕಳಿಸುವುದಿಲ್ಲ. ಆದರೆ ಒಂದು ಇದ್ದ ಮಾತ್ರಕ್ಕೆ ಬಂದೇ ಬರುತ್ತದೆ ಅಂತ ಅಲ್ಲ, ಅಂಥವರಲ್ಲೂ ಅರ್ಧದಷ್ಟು ಜನಕ್ಕೇ ಬಂತು. ಅಂದರೆ ಈ ಲೆಕ್ಕ ಧೈರ್ಯ ಕೊಡಲು ಚೆನ್ನಾಗಿದೆ, ಹೆದರಿಸಲು ಅಷ್ಟು ಗಟ್ಟಿಯಲ್ಲ. ನಿಮ್ಮ ಅಮ್ಮ ಸದ್ಯ ಬರೀ ಸ್ಟೀರಾಯ್ಡ್ ಮೇಲಿದ್ದರೆ ಇದು ನೇರವಾಗಿ ಹೊಂದುವುದೂ ಇಲ್ಲ.

ಅಮ್ಮನ ಭಯದ ಬಗ್ಗೆ ಒಂದು ಮಾತು. 1950ರ ದಶಕದಲ್ಲಿ ಸ್ಟೀರಾಯ್ಡ್ ಬರುವ ಮೊದಲು ಈ ಕಾಯಿಲೆಯಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಈಗ ಹೆಚ್ಚಿನವರು ಬದುಕುತ್ತಾರೆ. ಈಗ ನಾವು ಜಾಸ್ತಿ ಹೆದರುವುದು ಸೋಂಕಿಗೆ. ಜ್ವರ ಬಂದರೆ, ಗಾಯ ಕೀವು ಕಟ್ಟಿದರೆ, ಬಾಯಲ್ಲಿ ಬಿಳಿ ಪದರ ಕಂಡರೆ ಒಂದು ದಿನವೂ ಕಾಯಬೇಡಿ. ಶುಗರ್, ಬಿಪಿ ನೋಡಿಸುತ್ತಾ ಇರಿ.

ತಿಪಟೂರು ಹುಡುಗಿ

ಡಾಕ್ಟರೇ, ಅಕ್ಕಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಿಟುಕ್ಸಿಮ್ಯಾಬ್ ಇಲ್ಲವೇ ಪಲ್ಸ್ ಕೊಡಬಹುದು ಅಂತಲೂ ನಮ್ಮ ಡಾಕ್ಟರು ಹೇಳಿದ್ದರು. ಪಲ್ಸ್ ಅಂದರೆ ಏನು?

ಶಿವಮೊಗ್ಗದಿಂದ

ನನ್ನ ಯಜಮಾನರಿಗೆ ಅದೇ ಆಗಿದ್ದು. ದೆಹಲಿಯ ಏಮ್ಸ್‌ನಲ್ಲಿ ಡಾ. ಪಸ್ರೀಚಾ 1980ರ ದಶಕದಲ್ಲಿ ಶುರುಮಾಡಿದ ಕ್ರಮ. 28 ದಿನಕ್ಕೊಮ್ಮೆ ಮೂರು ದಿನ ಅಡ್ಮಿಟ್ ಆಗಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ದಿನಾ 100 ಮಿಲಿಗ್ರಾಂ ಡ್ರಿಪ್, ಅದರಲ್ಲಿ ಒಂದು ದಿನ ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಕೂಡ, ಉಳಿದ ದಿನಗಳಲ್ಲಿ ಮನೆಯಲ್ಲಿ ದಿನಾ ಸೈಕ್ಲೋಫಾಸ್ಫಮೈಡ್ 50 ಮಿಲಿಗ್ರಾಂ ಮಾತ್ರೆ. ಗುಳ್ಳೆ ಪೂರ್ತಿ ನಿಂತ ಮೇಲೂ ಒಂಬತ್ತು ತಿಂಗಳು ಡ್ರಿಪ್, ಆಮೇಲೆ ಒಂಬತ್ತು ತಿಂಗಳು ಬರೀ ಮಾತ್ರೆ. ವಾಸಿಯಾಗಿದೆ, ಇನ್ನೂ ಯಾಕೆ ಅಂತ ನಡುವೆ ಬಿಡುವವರೇ ಜಾಸ್ತಿ. ಇವರೂ ಹಟ ಹಿಡಿದಿದ್ದರು, ನಾನೇ ಬೈದು ಕರೆದುಕೊಂಡು ಹೋಗುತ್ತಿದ್ದೆ. ಈಗ ಆರು ವರ್ಷದಿಂದ ಮಾತ್ರೆಯೇ ಇಲ್ಲ.

ಇದನ್ನು ಓದುವ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿದ್ದರೆ, ಸೈಕ್ಲೋಫಾಸ್ಫಮೈಡ್‌ನಿಂದ ಮುಟ್ಟು ನಿಲ್ಲಬಹುದು, ಮಕ್ಕಳಾಗುವುದು ಕಷ್ಟವಾಗಬಹುದು. ಮೊದಲೇ ಡಾಕ್ಟರ ಹತ್ತಿರ ಬಿಡಿಸಿ ಕೇಳಿ, ನಾಚಿಕೆ ಬೇಡ.

ಚರ್ಮರೋಗ ವಿಭಾಗ

ಹೌದು, ಸರಿಯಾಗಿ ಹೇಳಿದಿರಿ. ರಿಟುಕ್ಸಿಮ್ಯಾಬ್ ಆದರೆ ಅದಕ್ಕೂ ಮೊದಲು ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಮಾಡಿಸಲೇಬೇಕು. 2007ರಿಂದ ನಮ್ಮ ದೇಶದಲ್ಲೇ ತಯಾರಾಗುವ ರಿಟುಕ್ಸಿಮ್ಯಾಬ್ ಸಿಗುತ್ತಿದೆ, ಬೆಲೆ ಕೇಳುವಾಗ ಅದನ್ನೂ ಕೇಳಿ.

ತಿಪಟೂರು ಹುಡುಗಿ

ಮೂರನೇ ತಿಂಗಳ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ನೋಟ್‌ಬುಕ್ಕೂ ಶುರುವಾಯಿತು, ಇವತ್ತಿನ ಪುಟದಲ್ಲಿ ಹೊಸ ಗುಳ್ಳೆ ಸೊನ್ನೆ. ಅಕ್ಕಾ, ನೀವು ಬರೆದಿದ್ದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಐವತ್ತು ಜನಕ್ಕೆ ಬಡಿಸಿದೆ ಅಂತ ಬರೆದ ಸಾಲು ಬಂದಾಗ ಇನ್ನೊಂದು ಸಲ ಓದು ಅಂದಳು. ಸಂಜೆ ಅಪ್ಪನ ಹತ್ತಿರ "ಮದುವೆ ಕಾರ್ತಿಕ ಕಳೆದ ಮೇಲೆ ಇಟ್ಟುಕೊಂಡರೂ ಆಯಿತು, ಅವಸರ ಏನಿಲ್ಲ" ಅನ್ನುತ್ತಿದ್ದಳು. ಮೂರನೇ ತಿಂಗಳ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.