ಪದ ಬೇಕಿದೆ: ‘ಸೈಬರ್ ಬುಲ್ಲಿಯಿಂಗ್’ಗೆ ಮಕ್ಕಳ ಬಾಯಲ್ಲಿ ಬರುವ ಕನ್ನಡ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಶನಿವಾರ ನಮ್ಮ ಹೈಸ್ಕೂಲಿಗೆ ಪೇಂಟರ್ ಬರ್ತಾರೆ. ನೀರಿನ ಟಾಕಿ ಪಕ್ಕದ ಗೋಡೆ ಮೇಲೆ ಎರಡೇ ಸಾಲು ಹಿಡಿಯುತ್ತೆ. ಬಾಗಲಕೋಟೆ ಜಿಲ್ಲೆಯ ಸಣ್ಣ ಊರು, ಓದುವವರು ಎಂಟರಿಂದ ಹತ್ತನೇ ತರಗತಿಯ ಮಕ್ಕಳು. ಮೊಬೈಲಿನಲ್ಲಿ ಯಾರಾದರೂ ಬೆನ್ನುಹತ್ತಿ ಅವಮಾನ ಮಾಡುತ್ತಿದ್ದರೆ ಬಂದು ಹೇಳಿ ಅನ್ನೋದು ವಿಷಯ.

ನನ್ನ ಕೈಗೆ ಬಂದ ಮಾದರಿಯಲ್ಲಿ ‘ಸೈಬರ್ ಬೆದರಿಕೆ’ ಅಂತಿದೆ. ಸರಿಯಿಲ್ಲ. ಎಷ್ಟೋ ಸಲ ಇಲ್ಲಿ ಯಾರೂ ಬೆದರಿಸಿರಲ್ಲ, ಎಲ್ಲರೂ ಸೇರಿ ನಕ್ಕಿರುತ್ತಾರೆ. ‘ಕಿರುಕುಳ’ ಪೇಪರಿನ ಪದ. ‘ವರದಕ್ಷಿಣೆ ಕಿರುಕುಳ’ ಅಂತ ಓದಿರುತ್ತಾರೆಯೇ ಹೊರತು ತಮ್ಮ ಕಷ್ಟಕ್ಕೆ ಆ ಹೆಸರು ಇಡೋದಿಲ್ಲ.

ಇಷ್ಟು ಹಟ ಯಾಕೆ ಅಂದರೆ, ಹೋದ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಒಬ್ಬ ಹುಡುಗಿ ಕುಣಿಯುತ್ತಿದ್ದ ಫೋಟೋದಿಂದ ಮುಖ ಮಾತ್ರ ಕತ್ತರಿಸಿ ಯಾರೋ ವಾಟ್ಸ್ಆಪ್ ಸ್ಟಿಕರ್ ಮಾಡಿದರು. ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದ ಮುಖ. ಗ್ರೂಪಿನಲ್ಲಿ ಯಾರು ಏನೇ ಬರೆದರೂ ಉತ್ತರಕ್ಕೆ ಅದೇ ಸ್ಟಿಕರ್. ರಾತ್ರಿ ಹನ್ನೊಂದಕ್ಕೂ ಬರ್ತಿತ್ತು. ಮೊದಲೆಲ್ಲ ಶಾಲೆ ಗಂಟೆ ಹೊಡೆದರೆ ಆ ದಿನದ ಕಾಟ ಮುಗೀತಿತ್ತು, ಈಗ ಅದು ಹಾಸಿಗೆವರೆಗೂ ಬರುತ್ತೆ. ಮೂರು ವಾರ ಅವಳು ಹೊಟ್ಟೆನೋವು ಅಂತಲೇ ಹೇಳಿದಳು. ಅವರವ್ವ ಎರಡು ಸಲ ದವಾಖಾನೆಗೆ ಕರೆದುಕೊಂಡು ಹೋದರು. ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಈ ವಯಸ್ಸಿನಲ್ಲಿ ಮನಸ್ಸಿನ ಸಂಕಟ ಹೀಗೇ ಅಲ್ವಾ ಹೊರಗೆ ಬರೋದು: ಹೊಟ್ಟೆನೋವು, ತಲೆನೋವು, ನಿದ್ದೆ ಇಲ್ಲದ ಕಣ್ಣು.

‘ಯಾರಾದರೂ ಕಿರುಕುಳ ಕೊಡ್ತಾರೇನವ್ವಾ?’ ಅಂತ ಕೇಳಿದೆ. ಇಲ್ಲ ಅಂದಳು. ‘ಯಾರರ ಏಡಸಾಕತ್ತಾರೇನು?’ (ಯಾರಾದರೂ ಅಣಕಿಸ್ತಿದ್ದಾರಾ?) ಅಂದ ಕೂಡಲೇ ಅತ್ತಳು.

ಶುಕ್ರವಾರ ಸಂಜೆಯೊಳಗೆ ದಯವಿಟ್ಟು ಹೇಳಿ.

ಉತ್ತರ, ವಿಜಯಪುರದಿಂದ:
‘ಜಾಲಕಾಟ’ ಅನ್ನೋರು ಬಂದೇ ಬರ್ತಾರೆ. ಮೊದಲೇ ಹೇಳ್ತೀನಿ, ಅದು ಅರಿಸಮಾಸ, ಸಂಸ್ಕೃತದ ‘ಜಾಲ’ಕ್ಕೆ ಕನ್ನಡದ ‘ಕಾಟ’ ಬೆಸೆದ ತಪ್ಪು ಜೋಡಣೆ. ‘ಸೈಬರ್’ ಕೂಡ ಬೇಡ. ಗ್ರೀಕಿನಲ್ಲಿ ಚುಕ್ಕಾಣಿ ಹಿಡಿಯುವವನಿಗೆ ಇದ್ದ ಪದ. ಅದರಿಂದ ನಾರ್ಬರ್ಟ್ ವೀನರ್ 1948ರಲ್ಲಿ ‘ಸೈಬರ್ನೆಟಿಕ್ಸ್’ ಕಟ್ಟಿದರು, ಆಮೇಲೆ ಅದರ ತುಂಡು ಎಲ್ಲಕ್ಕೂ ಅಂಟಿಕೊಂಡಿತು. ಹುಡುಗಿಯ ಅಳುವಿಗೂ ಚುಕ್ಕಾಣಿಗೂ ಏನು ಸಂಬಂಧ? ‘ಮಿಂಗಾಟ’ ಅನ್ನಿ, ಮಿಂಚಿನ ‘ಮಿನ್’ಗೆ ‘ಕಾಟ’ ಸೇರಿಸಿ. ಇಮೇಲ್‌ಗೆ ಮಿಂಚಂಚೆ, ಇಂಟರ್ನೆಟ್‌ಗೆ ಮಿಂಬಲೆ ಒಪ್ಪಿದವರು ಇದನ್ನೂ ಒಪ್ಪಬೇಕು. ಓಡು–ಓಟ, ಕೂಡು–ಕೂಟ, ಕಾಡು–ಕಾಟ. ಅಚ್ಚ ಕನ್ನಡ.

ಉತ್ತರ, ಬೆಳಗಾವಿಯಿಂದ:
ಮಿಂಗಾಟ ಯಾರಿಗೂ ಅರ್ಥವಾಗಲ್ಲ. ಅರಿಸಮಾಸದ ಮಾತೂ ಬಿಡಿ, ಮಳೆಗಾಲ ಇದೆಯಲ್ಲ. ಕಾಲದ ಹಾಗೆ ಜಾಲವೂ ಸಮಸಂಸ್ಕೃತವೇ, ಅಂದರೆ ಸಂಸ್ಕೃತದ ರೂಪದಲ್ಲೇ ಕನ್ನಡಕ್ಕೆ ಬಂದದ್ದು, ಕನ್ನಡ ಪದಕ್ಕೆ ಬೆಸೆದರೆ ತಪ್ಪಿಲ್ಲ. ನಮ್ಮ ಕಡೆ ಮಕ್ಕಳು ‘ಚಿಡಾಯಿಸ್ತಾರೆ’ (ರೇಗಿಸ್ತಾರೆ) ಅಂತ ದೂರು ತರ್ತಾರೆ. ಅದನ್ನೇ ಬರೆಸಿ.

ಉತ್ತರ, ವಿಜಯಪುರದಿಂದ:
ಮರಾಠಿಯ ‘ಚಿಡವಣೆ’ಯನ್ನು ಕನ್ನಡ ಶಾಲೆಯ ಗೋಡೆ ಮೇಲೆ? ಸಾಧ್ಯವಿಲ್ಲ.

ಉತ್ತರ, ಬೆಳಗಾವಿಯಿಂದ:
ನೀವು ಕೂತ ಕುರ್ಚಿ ಅರಬ್ಬಿಯಿಂದ ಬಂದದ್ದು. ನಿಮ್ಮೂರಿನ ಗೋಲ ಗುಮ್ಮಟದಲ್ಲಿ ಅಚ್ಚ ಕನ್ನಡ ಎಷ್ಟಿದೆ ಎಣಿಸಿ ಹೇಳಿ. ಗಡಿಯಲ್ಲಿ ಇರೋರಿಗೆ ಎರವಲಿನ ಪಾಠ ಬೇಡ.

ಉತ್ತರ, ಕೇಳಿದವರಿಂದ:
ಇಬ್ಬರಿಗೂ ಶರಣು. ಜಗಳ ಆಮೇಲೂ ಆಗಲಿ, ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ.

ಓಟ, ಕೂಟದ ಸಾಲು ಓದುವಾಗ ನನಗೆ ದಾರಿ ಸಿಕ್ಕಿತು. ನಮಗೆ ಬೇಕಾದದ್ದು ನಾಮಪದವೇ ಅಲ್ಲ. ಯಾವ ಮಗುವೂ ‘ನನಗೆ ಜಾಲಕಾಟವಾಗಿದೆ’ ಅಂತ ಬರೋದಿಲ್ಲ. ‘ಅವರು ನನ್ನ ಕಾಡ್ತಾರ್ರಿ’ ಅಂತ ಬರುತ್ತೆ. ಏಡಿಸುವುದು ಒಂದು ಗಳಿಗೆಯದ್ದೂ ಆಗಬಹುದು, ಎದುರಿಗೇ ನಡೆದು ಅಲ್ಲೇ ಮುಗಿಯಬಹುದು. ಕಾಡುವುದು ಬಿಡೋದಿಲ್ಲ. ದೆವ್ವ ಕಾಡುತ್ತೆ, ನೆನಪು ಕಾಡುತ್ತೆ, ವಚನಗಳಲ್ಲಿ ಮಾಯೆ ಕಾಡುತ್ತೆ. ಆ ಸ್ಟಿಕರ್ ಮಾಡಿದ್ದೂ ಅದನ್ನೇ.

ಹಾಗಾಗಿ ಗೋಡೆ ಮೇಲೆ ಇಷ್ಟು:

ಫೋನಿನಲ್ಲಿ ಯಾರಾದರೂ ನಿನ್ನನ್ನು ಕಾಡುತ್ತಿದ್ದಾರಾ? ಏಡಿಸುತ್ತಿದ್ದಾರಾ?
ತಪ್ಪು ನಿನ್ನದಲ್ಲ. ಬಂದು ಹೇಳು. 1098, 14416

1098 ಮಕ್ಕಳ ಸಹಾಯವಾಣಿ. 14416 ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ಗೋಡೆ ಮೇಲೆ ‘ಮಾನಸಿಕ’ ಅನ್ನೋ ಪದ ಬೇಕಂತಲೇ ಬಿಟ್ಟಿದ್ದೇನೆ. ಓದಿದ ತಕ್ಷಣ ಅಪ್ಪ ಅವ್ವ ‘ನಮ್ಮ ಹುಡುಗಿಗೆ ಹುಚ್ಚೇನು?’ ಅಂತಾರೆ, ಅಲ್ಲಿಗೆ ಬಾಗಿಲು ಮುಚ್ಚಿತು. ‘ಹೇಳಿ’ ಬದಲು ‘ಹೇಳು’ ಯಾಕೆ ಅಂದರೆ, ಅದನ್ನು ಓದುವ ಹೊತ್ತಿಗೆ ಆ ಮಗು ಒಂಟಿಯಾಗಿರುತ್ತೆ.

ಒಂದೇ ಅನುಮಾನ ಉಳಿದಿದೆ. ‘ಕಾಡುತ್ತಿದ್ದಾರಾ’ ಇರಲೋ, ‘ಕಾಡಿಸುತ್ತಿದ್ದಾರಾ’ ಮಾಡಲೋ? ಇಲ್ಲಿನ ಮಕ್ಕಳು ಎರಡೂ ಅಂತಾರೆ. ‘ಇಸು’ ಸೇರಿದರೆ ಸುಮ್ನೆ ತಮಾಷೆ ಅನ್ನಿಸಿಬಿಡುತ್ತಾ? ರಾತ್ರಿ ಎಷ್ಟು ಹೊತ್ತಾದರೂ ನೋಡ್ತೀನಿ, ಬರೀರಿ.