ಎಫ್‌ಡಿ ಮುರಿಯೋಕೆ ಮನಸ್ಸು ಬರಲ್ಲ: 84 ಲಕ್ಷದಲ್ಲಿ ವರ್ಷಕ್ಕೆ ಎಷ್ಟು ಅನುಭವಿಸಬಹುದು?

ಪ್ರಶ್ನೆ: ಮೈಸೂರಿನಿಂದ

ನನಗೆ 64, ಮನೆಯವರಿಗೆ 60. ಕಾರ್ಖಾನೆ ಕೆಲಸದಿಂದ ನಿವೃತ್ತಿ. ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 4,200. ಸ್ವಂತ ಮನೆ, ಸಾಲ ಇಲ್ಲ. ಕೂಡಿಟ್ಟದ್ದು 84 ಲಕ್ಷ: ಒಂದೇ ಬ್ಯಾಂಕಿನಲ್ಲಿ ಎಫ್‌ಡಿ 60, ಉಳಿತಾಯ ಖಾತೆಯಲ್ಲಿ 9, ಒಂದು ಸೌಹಾರ್ದ ಸಹಕಾರಿಯಲ್ಲಿ 15. ಮನೆಖರ್ಚು ಔಷಧಿ ಸೇರಿ ತಿಂಗಳಿಗೆ 28,000. ಮಕ್ಕಳು ದುಡಿಯುತ್ತಿದ್ದಾರೆ, ನಮ್ಮಿಂದ ಏನೂ ಕೇಳುವುದಿಲ್ಲ. ಕಾಶಿಗೆ ಹೋಗಬೇಕು, ಬಚ್ಚಲುಮನೆ ಸರಿಮಾಡಿಸಬೇಕು ಅಂತ ಮೂರು ವರ್ಷದಿಂದ ಬರೀ ಮಾತು. ವರ್ಷಕ್ಕೆ ಎಷ್ಟು ಖರ್ಚು ಮಾಡಿದರೆ ಕೊನೇವರೆಗೂ ಸಾಲುತ್ತೆ? ತಿಳಿದವರು ಲೆಕ್ಕ ಸಮೇತ ಹೇಳಿ.

ಪಾಸ್‌ಬುಕ್:

ಸಾರ್, ಮೊದಲು ಮನೆಖರ್ಚು ತಾನಾಗಿ ಬರುವ ಹಾಗೆ ಮಾಡಿಕೊಳ್ಳಿ, ಆಮೇಲೆ ಕಾಶಿ. ವರ್ಷದ ಖರ್ಚು 3,36,000. ಪಿಂಚಣಿ 50,400 ಕಳೆದರೆ ಬೇಕಾದದ್ದು 2,85,600.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರಿಗೆ ಮಿತಿ 30 ಲಕ್ಷ. 2023ರ ಏಪ್ರಿಲ್‌ನಿಂದ 2025ರುದ್ದಕ್ಕೂ ಬಡ್ಡಿ ಶೇ. 8.2. ಅಂದರೆ ಮೂರು ತಿಂಗಳಿಗೊಮ್ಮೆ 61,500, ವರ್ಷಕ್ಕೆ 2,46,000. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ 1ನೇ ತಾರೀಕು ಜಮಾ. ಕಟ್ಟಿದ ದಿನದ ದರವೇ 5 ವರ್ಷಕ್ಕೂ ಖಾಯಂ, ನಡುವೆ ಸರ್ಕಾರ ಇಳಿಸಿದರೂ ನಿಮಗೆ ತಟ್ಟುವುದಿಲ್ಲ. ಇದರ ಜೊತೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ ಇಟ್ಟರೆ ಶೇ. 7.4ರಂತೆ ತಿಂಗಳಿಗೆ 5,550, ವರ್ಷಕ್ಕೆ 66,600. ಎರಡೂ ಕೂಡಿ 3,12,600. ಮನೆಖರ್ಚು ಕಳೆದು 27,000 ಮಿಗುತ್ತೆ. ತಿರುಗಾಟಕ್ಕೆ ಅದನ್ನು ಬಳಸಿ. ಅಸಲು ಮುಟ್ಟಬೇಡಿ.

ಒಂದು ಎಚ್ಚರ. ಆ ಬಡ್ಡಿಯನ್ನು ತೆಗೆಯದೆ ಅಲ್ಲೇ ಬಿಟ್ಟರೆ ಅದಕ್ಕೆ ಮತ್ತೆ ಬಡ್ಡಿ ಹುಟ್ಟುವುದಿಲ್ಲ. ಖಾತೆ ತೆರೆಯುವಾಗಲೇ ಉಳಿತಾಯ ಖಾತೆಗೆ ಜಮಾ ಆಗುವಂತೆ ಬರೆದುಕೊಡಿ.

ಕೂಡಿ-ಕಳೆದು:

ಪಾಸ್‌ಬುಕ್ ಅವರ ಅಂಕಿಗಳೆಲ್ಲ ಸರಿ, ಕೊನೆಯ ಮಾತು ಸರಿಯಿಲ್ಲ. ‘ಅಸಲು ಮುಟ್ಟಬೇಡಿ’ ಅನ್ನುವುದು ಒಂದು ಕಡೆ ಅತಿ ಜಿಪುಣತನ, ಇನ್ನೊಂದು ಕಡೆ ಅತಿ ಧೈರ್ಯ.

ಧೈರ್ಯ ಯಾಕೆಂದರೆ, ಬೆಲೆ ವರ್ಷಕ್ಕೆ ಶೇ. 6 ಏರಿದರೆ ಇಂದಿನ 28,000 ಹನ್ನೆರಡು ವರ್ಷಕ್ಕೆ 56,000 ಆಗುತ್ತೆ. ಆಗ ನಿಮಗೆ 76. ಬಡ್ಡಿ ಮಾತ್ರ ಅಷ್ಟೇ ಇರುತ್ತೆ, ಇಪಿಎಸ್ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ. ಬಂದ ಬಡ್ಡಿಯನ್ನೆಲ್ಲ ತಿಂದು ಅಸಲನ್ನು ಕಾಯುತ್ತ ಕೂತರೆ ಆ ಅಸಲೇ ಒಳಗೊಳಗೆ ಸವೆಯುತ್ತೆ. ಹಾಗಾಗಿ ಒಂದು ಪಾಲು ತೆಗೆಯದೆ ಬೆಳೆಯುತ್ತಿರಬೇಕು.

ಜಿಪುಣತನ ಯಾಕೆಂದರೆ, ಖುಷಿಗೆ ವರ್ಷಕ್ಕೆ 1,20,000 ತೆಗೆದರೂ ನಿಮ್ಮ ದುಡ್ಡು ಸಾಲುತ್ತೆ. ಲೆಕ್ಕ ಇಂದಿನ ಬೆಲೆಯಲ್ಲಿ. ಮೊದಲ 10 ವರ್ಷ ಮನೆಗೆ 2,85,600, ಖುಷಿಗೆ 1,20,000, ಒಟ್ಟು 4.06 ಲಕ್ಷ. ನಿಮಗೆ 74 ಆದ ಮೇಲೆ ಮನೆಖರ್ಚು ಮಾತ್ರ. ನಿಮ್ಮ ಒಟ್ಟು ಗಳಿಕೆ ಬೆಲೆಯೇರಿಕೆಗೆ ಸರಿಸಮ, ಒಂದು ಪೈಸೆಯೂ ಹೆಚ್ಚಿಲ್ಲ ಅಂತ ಹಿಡಿಯಿರಿ. ಹತ್ತು ವರ್ಷಕ್ಕೆ 40.6 ಲಕ್ಷ ಹೋಗಿ 43.4 ಉಳಿಯುತ್ತೆ, ಅದು ಮತ್ತೆ 15 ವರ್ಷಕ್ಕೆ ಸಾಕು. ಒಟ್ಟು 25. ಗಳಿಕೆ ಬೆಲೆಯೇರಿಕೆಗಿಂತ ಶೇ. 1 ಹೆಚ್ಚಿದ್ದರೆ ಸುಮಾರು 29. ಪಿಂಚಣಿ ಏರದ ಕಾರಣಕ್ಕೆ ಎರಡರಲ್ಲೂ ಎರಡು ವರ್ಷ ಕಳೆಯಿರಿ. ಕೆಟ್ಟ ಲೆಕ್ಕದಲ್ಲೂ ಮನೆಯವರಿಗೆ 83 ಆಗುವ ತನಕ ಕೈ ಖಾಲಿಯಾಗುವುದಿಲ್ಲ, ಮನೆ ಹಾಗೇ ಇರುತ್ತೆ. ಲೆಕ್ಕವನ್ನು ನಿಮ್ಮ ವಯಸ್ಸಿಗೆ ಹಾಕಬೇಡಿ, ಇಬ್ಬರಲ್ಲಿ ಚಿಕ್ಕವರ ವಯಸ್ಸಿಗೆ ಹಾಕಿ. ನಿಮ್ಮ ನಂತರ ಅವರಿಗೆ ಬರುವ ಇಪಿಎಸ್ ಸುಮಾರು ಅರ್ಧ, ಅದೂ ನೆನಪಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು. ನೀವು ಉದ್ದ ಹಾಸಿಗೆ ಹಾಸಿಕೊಂಡು ಕಾಲು ಮುದುರಿಕೊಂಡು ಮಲಗಿದ್ದೀರಿ.

ಹಿತ್ತಿಲ ಮಲ್ಲಿಗೆ:

ಲೆಕ್ಕ ಒಪ್ಪಿದೆ. ಆದರೆ 1,20,000 ಅಂತ ಹಾಳೆ ಮೇಲೆ ಬರೆದ ಮಾತ್ರಕ್ಕೆ ಯಾರೂ ಖರ್ಚು ಮಾಡಲ್ಲ ಸಾರ್. ಎಫ್‌ಡಿ ‘ಮುರಿಯುವುದು’ ಅನ್ನೋ ಮಾತಲ್ಲೇ ಪಾಪ ಅಂಟಿಕೊಂಡಿದೆ. ಮುರಿಯುವ ಪ್ರಮೇಯವೇ ಬರದ ಹಾಗೆ ಮಾಡಿ.

6 ಲಕ್ಷ ತೆಗೆದು 1,20,000ದ ಐದು ಎಫ್‌ಡಿ ಮಾಡಿ. ಒಂದು ಒಂದು ವರ್ಷಕ್ಕೆ, ಇನ್ನೊಂದು ಎರಡಕ್ಕೆ, ಹೀಗೆ ಐದರ ತನಕ. ಎಲ್ಲವೂ ಸೆಪ್ಟೆಂಬರ್‌ನಲ್ಲಿ ಪಕ್ವವಾಗಲಿ. ದಸರಾಕ್ಕೆ ಮೊದಲು ಕೈಗೆ ಬರುತ್ತೆ, ಚಳಿಗಾಲದ ಪ್ರಯಾಣಕ್ಕೆ ಟಿಕೆಟ್ ಮಾಡಿಸೋಕೆ ಅದೇ ಹೊತ್ತು. ಆಮೇಲೆ ಪಕ್ವವಾಗುವವುಗಳಿಗೆ ಬಡ್ಡಿ ಸೇರಿರುವುದರಿಂದ ಬೆಲೆ ಏರಿದ್ದಕ್ಕೂ ಸರಿಹೋಗುತ್ತೆ. ಐದೂ ಮುಗಿದ ಮೇಲೆ ಬೆಳೆಯಲು ಬಿಟ್ಟ ಪಾಲಿನಿಂದ ಇನ್ನೈದು.

ಇದು ಕೆಡುವುದು ಒಂದೇ ಕಡೆ. ಫಾರಂನಲ್ಲಿ ‘ತಾನಾಗಿ ನವೀಕರಣ’ ಅನ್ನುವುದಕ್ಕೆ ಟಿಕ್ ಬಿದ್ದಿರುತ್ತೆ. ಸೆಪ್ಟೆಂಬರ್ ಬಂದದ್ದೂ ಗೊತ್ತಾಗಲ್ಲ, ದುಡ್ಡು ಮತ್ತೆ ಒಳಗೆ. ‘ಪಕ್ವವಾದ ದಿನ ಉಳಿತಾಯ ಖಾತೆಗೆ ಜಮಾ’ ಅಂತ ಬರೆಸಿ, ರಸೀದಿ ಮೇಲೆ ಹಾಗೇ ಮುದ್ರಣವಾಗಿದೆಯಾ ನೋಡಿ. ಆ ಜಮಾ ಆಗುವ ಖಾತೆ ಬೇರೆ ಬ್ಯಾಂಕಿನಲ್ಲಿರಲಿ, ಇಬ್ಬರ ಹೆಸರಲ್ಲಿರಲಿ, ಎಟಿಎಂ ಕಾರ್ಡ್ ಇಬ್ಬರಿಗೂ ಇರಲಿ. ಮನೆಯವರು ಒಂದು ಸೀರೆಗೆ, ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ನಿಮ್ಮ ಮುಖ ನೋಡಬೇಕಾಗಬಾರದು. ಉಳಿದದ್ದನ್ನು ಎಫ್‌ಡಿಗೆ ವಾಪಸ್ ಹಾಕಬೇಡಿ. ಎರಡು ವರ್ಷ ಹಾಗೆ ಮಾಡಿದರೆ ಮತ್ತೆ ಹಳೇ ಕಥೆ.

ಕಾಶಿಗೆ ಬರೋಣ. ಮೈಸೂರಿನಿಂದ ವಾರಾಣಸಿಗೆ ನೇರ ರೈಲಿದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಡಿಸೆಂಬರ್ ಕೊನೆ, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲು ಗಂಟೆಗಟ್ಟಲೆ ತಡ, ಹಾಗಾಗಿ ನವೆಂಬರ್ ಅಥವಾ ಫೆಬ್ರವರಿ ಹಿಡಿಯಿರಿ. ಬುಕಿಂಗ್ ತೆರೆಯುವುದು 60 ದಿನ ಮೊದಲು. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಿಂದ ಇಲ್ಲ, ಆದರೆ ಕೆಳ ಬರ್ತ್‌ಗೆ ಹಿರಿಯರ ಕೋಟಾ ಇದೆ, ಒಂದು ಟಿಕೆಟ್‌ನಲ್ಲಿ ಒಬ್ಬರು ಇಬ್ಬರಿದ್ದರೆ ಮಾತ್ರ. ಮಗ ಸೊಸೆ ಸೇರಿಸಿ ಒಟ್ಟಿಗೆ ಟಿಕೆಟ್ ಮಾಡಿಸಿದರೆ ಆ ಕೋಟಾ ಹೋಯ್ತು. ನಿಮ್ಮಿಬ್ಬರದು ಬೇರೆ ಮಾಡಿಸಿ. ಅಷ್ಟು ದೂರಕ್ಕೆ ಸ್ಲೀಪರ್‌ನಲ್ಲಿ ಉಳಿಸುವ ದುಡ್ಡು ಮಂಡಿನೋವಿಗೆ ಹೋಗುತ್ತೆ, ಎಸಿ ಮಾಡಿಸಿ. ಮುಜರಾಯಿ ಇಲಾಖೆಯ ಸಹಾಯಧನ ಇರುವ ಕಾಶಿ ದರ್ಶನ ರೈಲೂ ಹೊರಡುತ್ತಿರುತ್ತೆ. ಊಟ, ವಸತಿ ಸೇರಿರುತ್ತೆ, ಆದರೆ ಅವರ ವೇಗಕ್ಕೆ ನೀವು ನಡೆಯಬೇಕು.

ರಾಜ್ಯದೊಳಗೆ ಮನೆಯವರಿಗೆ ಶಕ್ತಿ ಯೋಜನೆ, ನಿಮಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ. ರಾಜಹಂಸ, ಐರಾವತಗಳಲ್ಲಿ ಶಕ್ತಿ ನಡೆಯುವುದಿಲ್ಲ.

ಪಾಸ್‌ಬುಕ್:

ಐದು ಎಫ್‌ಡಿ ವಿಚಾರ ಒಳ್ಳೆಯದು, ಒಪ್ಪಿದೆ. ಒಂದು ಕೇಳಬೇಕು: ಸಾರ್, ಆರೋಗ್ಯ ವಿಮೆ ಇದೆಯಾ? ಮೇಲಿನ ಲೆಕ್ಕದಲ್ಲಿ ಆಸ್ಪತ್ರೆ ಎಲ್ಲೂ ಬಂದಿಲ್ಲ.

ಮೈಸೂರಿನಿಂದ:

ಇಬ್ಬರಿಗೂ ಸೇರಿ 5 ಲಕ್ಷದ್ದಿದೆ. ಎಂಟು ವರ್ಷ ಆಯ್ತು. ಕೊಠಡಿ ಬಾಡಿಗೆ ಶೇ. 1 ಅಂತ ಬರೆದಿದೆ. ಕಂತು ಮನೆಖರ್ಚಲ್ಲೇ ಸೇರಿದೆ.

ಕೂಡಿ-ಕಳೆದು:

ಆ ಶೇ. 1 ನೋಡಿ, ಅಲ್ಲೇ ಪೆಟ್ಟು. ದಿನಕ್ಕೆ 5,000ದ ಕೊಠಡಿಗೆ ಮಾತ್ರ ಒಪ್ಪಿಗೆ ಅಂತ ಅರ್ಥ. ನೀವು 8,000ದ ಕೊಠಡಿ ಹಿಡಿದರೆ ಕಡಿತ ಬರೀ 3,000 ಅಲ್ಲ. ಡಾಕ್ಟರ್ ಶುಲ್ಕ, ಆಪರೇಷನ್ ಥಿಯೇಟರ್ ಹೀಗೆ ಕೊಠಡಿಗೆ ತಳುಕು ಹಾಕಿದ ಬಿಲ್ಲೆಲ್ಲ ಎಂಟರಲ್ಲಿ ಐದು ಪಾಲಿಗೆ ಇಳಿಯುತ್ತೆ. ದಾಖಲಾಗುವ ದಿನವೇ ಕೌಂಟರ್‌ನಲ್ಲಿ 5,000ದ ಒಳಗಿನ ಕೊಠಡಿ ಕೇಳಿ.

ಹಳೇ ಪಾಲಿಸಿ ಬಿಡಬೇಡಿ. ಸತತ ಐದು ವರ್ಷ ದಾಟಿದ ಪಾಲಿಸಿಯಲ್ಲಿ ‘ಹಳೆ ಕಾಯಿಲೆ ಮುಚ್ಚಿಟ್ಟಿರಿ’ ಅಂತ ಕ್ಲೇಮ್ ತಳ್ಳಿಹಾಕಲು ಬರುವುದಿಲ್ಲ, ವಂಚನೆ ಸಾಬೀತಾದರೆ ಬೇರೆ ಮಾತು. ಅದರ ಮೇಲೆ 5 ಲಕ್ಷ ದಾಟಿದ ಬಿಲ್ಲಿಗೆ ಸೂಪರ್ ಟಾಪ್‌ಅಪ್ ಹಾಕಿಸಿ. ಬರೀ ‘ಟಾಪ್‌ಅಪ್’ ಅಲ್ಲ. ಟಾಪ್‌ಅಪ್ ಒಂದೊಂದು ಬಿಲ್ಲನ್ನೂ ಬೇರೆಬೇರೆ ಅಳೆಯುತ್ತೆ, ಸೂಪರ್ ಟಾಪ್‌ಅಪ್ ಇಡೀ ವರ್ಷದ ಬಿಲ್ಲು ಕೂಡಿಸುತ್ತೆ. ವಯಸ್ಸಾದವರಿಗೆ ದೊಡ್ಡ ಬಿಲ್ಲು ಒಂದೇ ಬರುವುದು ಕಡಿಮೆ, ಮೂರು ನಾಲ್ಕು ಬರುತ್ತವೆ. ಬಿಪಿ, ಸಕ್ಕರೆ ಇದ್ದರೆ ಮುಚ್ಚಿಡದೆ ಬರೆಯಿರಿ, ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. ವೈಯಕ್ತಿಕ ಆರೋಗ್ಯ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ.

ಇದಲ್ಲದೆ ಆಸ್ಪತ್ರೆಗೆಂದೇ 10 ಲಕ್ಷ, 2 ಲಕ್ಷದ ಐದು ಎಫ್‌ಡಿಯಾಗಿ. 10 ಲಕ್ಷದ ಒಂದೇ ಎಫ್‌ಡಿ ಇದ್ದರೆ 80,000ಕ್ಕೂ ಅಷ್ಟನ್ನೂ ಮುರಿಯಬೇಕಾಗಬಹುದು.

ದಸ್ತಾವೇಜು:

ಸೌಹಾರ್ದದ 15 ಲಕ್ಷದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ! ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ದುಡ್ಡು ಕೊಡುವ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕ್ ಸೇರಿ. ಬ್ಯಾಂಕ್ ಅಲ್ಲದ ಸಹಕಾರಿಗೆ ಇಲ್ಲ. ಅಲ್ಲಿ ಶೇ. 1, 2 ಬಡ್ಡಿ ಹೆಚ್ಚು ಸಿಗುವುದು ಆ ಅಪಾಯಕ್ಕೇ. ಮೊದಲು ತೆಗೆಯಬೇಕಾದ ದುಡ್ಡು ಅದು. ಅವಧಿ ಮುಗಿಯುವವರೆಗೆ ಕಾಯದೆ, ಬಡ್ಡಿ ಒಂದಿಷ್ಟು ಹೋದರೂ ಸರಿ. ‘ಮುಂದಿನ ತಿಂಗಳು ಬನ್ನಿ’ ಅಂದರೆ ಅರ್ಜಿ ಬರೆದುಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಬ್ಯಾಂಕಿನಲ್ಲೂ ವಿಮೆ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ. ನಿಮ್ಮ ಹೆಸರಿನದು, ಮನೆಯವರ ಹೆಸರಿನದು, ಜಂಟಿ, ಈ ಮೂರೂ ಬೇರೆ ಬೇರೆ ಲೆಕ್ಕ. 60 ಲಕ್ಷ ಒಂದೇ ಕಡೆ ಬೇಡ.

ಎಲ್ಲಾ ಖಾತೆಗೂ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅನ್ನುವ ಷರತ್ತು ಇರಲಿ. ನಾಮಿನಿ ದುಡ್ಡು ಪಡೆಯುವವನಷ್ಟೇ, ಒಡೆಯನಲ್ಲ. ಉಯಿಲು ಬರೆಯಿರಿ: ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿ, ಪಾಲು ಪಡೆಯುವವರು ಸಾಕ್ಷಿ ಹಾಕದಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮನೆಯನ್ನು ಬದುಕಿರುವಾಗ ದಾನಪತ್ರ ಮಾಡಬೇಡಿ. ಮಾಡಲೇಬೇಕಾದರೆ ‘ನಮ್ಮನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂನಡಿ ರದ್ದು ಕೇಳುವಾಗ ಆ ಒಂದು ಸಾಲೇ ಆಧಾರ. ಯಾರ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ, ಅಳಿಯನದಾದರೂ.

ಹಿತ್ತಿಲ ಮಲ್ಲಿಗೆ:

ಬಚ್ಚಲುಮನೆ ಬಗ್ಗೆ ಹೇಳಲೇಬೇಕು. ಅದನ್ನು ಖುಷಿಯ 1,20,000ದಲ್ಲಿ ಸೇರಿಸಬೇಡಿ, ಉಳಿತಾಯ ಖಾತೆಯ 9 ಲಕ್ಷದಿಂದ ಈ ತಿಂಗಳೇ ಮಾಡಿಸಿ. ಜಾರಿ ಸೊಂಟ ಮುರಿದರೆ ಕಾಶಿಯೂ ಇಲ್ಲ, ರಾಮೇಶ್ವರವೂ ಇಲ್ಲ. ನೆಲಕ್ಕೆ ಹೊಳಪಿಲ್ಲದ ಒರಟು ಟೈಲ್ಸ್. ಕಮೋಡ್ ಕೂರುವ ಎತ್ತರ 45ರಿಂದ 48 ಸೆಂಟಿಮೀಟರ್. ಪಕ್ಕಕ್ಕೆ ಸ್ಟೀಲ್ ಹಿಡಿಕೆ, ಇಟ್ಟಿಗೆ ಗೋಡೆಗೆ ಉದ್ದ ಬೋಲ್ಟ್ ಹಾಕಿ ಕೂರಿಸಿದ್ದು. ಗಾಳಿ ಹೀರಿ ಅಂಟುವ ಹಿಡಿಕೆ ಭಾರಕ್ಕೆ ಕಿತ್ತು ಬರುತ್ತೆ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರೇ ಅಡ್ಡವಾಗಿರುತ್ತಾರೆ, ಹೊರಗಿನವರು ತಳ್ಳೋಕಾಗಲ್ಲ.

ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಎರಡು ಅನುಮಾನ. ಮನೆಯವರ ಹೆಸರಲ್ಲಿ ಅರ್ಧ ಇಟ್ಟರೆ ತೆರಿಗೆ ಉಳಿಯುತ್ತಾ? ಷೇರು ಫಂಡ್‌ಗೆ ಸ್ವಲ್ಪ ಹಾಕಿ ಅಂತ ಮಗ ಹೇಳ್ತಾನೆ, ಹಾಕಲಾ?

ಪಾಸ್‌ಬುಕ್:

ನಿಮ್ಮ ದುಡ್ಡು ಅವರ ಹೆಸರಲ್ಲಿಟ್ಟರೂ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತೆ. ತೆರಿಗೆಗಾಗಿ ಬೇಡ, ಸುರಕ್ಷತೆಗಾಗಿ ಇಡಿ. ನಿಮ್ಮದು ಎಲ್ಲಾ ಸೇರಿ 6 ಲಕ್ಷ ಚಿಲ್ಲರೆ. ಹೊಸ ಪದ್ಧತಿಯಲ್ಲಿ 2025-26ರ ಲೆಕ್ಕಕ್ಕೆ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. 4 ಲಕ್ಷ ದಾಟಿರುವುದರಿಂದ ರಿಟರ್ನ್ ಮಾತ್ರ ಸಲ್ಲಿಸಲೇಬೇಕು. ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ತೆರಿಗೆಯನ್ನು ಮೂಲದಲ್ಲೇ ಹಿಡಿಯುತ್ತಾರೆ. ಪ್ರತಿ ಏಪ್ರಿಲ್ ಮೊದಲ ವಾರ ಬ್ಯಾಂಕಿಗೂ ಅಂಚೆ ಕಚೇರಿಗೂ ‘ನನಗೆ ತೆರಿಗೆ ಬರುವುದಿಲ್ಲ, ಹಿಡಿಯಬೇಡಿ’ ಅನ್ನುವ ಘೋಷಣಾ ಪತ್ರ ಕೊಡಿ, 15ಎಚ್ ಅಂತ ಎಲ್ಲರ ಬಾಯಲ್ಲಿರುವುದು. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆಗೆ ಅನ್ವಯಿಸುವುದಿಲ್ಲ.

ಕೂಡಿ-ಕಳೆದು:

ಹಿರಿಯರ ಯೋಜನೆಗೆ 30, ಅಂಚೆ ಕಚೇರಿಗೆ 9, ಖುಷಿಗೆ 6, ಆಸ್ಪತ್ರೆಗೆ 10 ಹಂಚಿದ ಮೇಲೆ 29 ಲಕ್ಷ ಉಳಿಯುತ್ತೆ, ಬಚ್ಚಲುಮನೆ ಖರ್ಚು ಅದರಿಂದಲೇ ಕಳೆಯಿರಿ. ಅದರಲ್ಲಿ 8 ಲಕ್ಷ ಮೀರದಂತೆ ಷೇರು-ಸಾಲಪತ್ರ ಬೆರೆಸಿದ ಹೈಬ್ರಿಡ್ ಫಂಡ್‌ಗೆ, ಒಂದೇ ಸಲ ಹಾಕದೆ 18 ತಿಂಗಳಲ್ಲಿ ಹಂಚಿ ಹಾಕಬಹುದು. ಷರತ್ತು ಇಷ್ಟೆ: 70 ದಾಟುವವರೆಗೆ ಅದನ್ನು ಮುಟ್ಟಬಾರದು. ಮೌಲ್ಯ ಕಾಲುಭಾಗ ಇಳಿದರೆ ನಿದ್ದೆ ಕೆಡುತ್ತೆ ಅನ್ನುವುದಾದರೆ ಹಾಕಲೇಬೇಡಿ, ಎಫ್‌ಡಿಯಲ್ಲೇ ಬೆಳೆಯಲಿ. ಮೇಲಿನ 25 ವರ್ಷದ ಲೆಕ್ಕ ಷೇರನ್ನು ನಂಬಿ ಹಾಕಿದ್ದಲ್ಲ.

ಪಾಸ್‌ಬುಕ್:

ಹಿರಿಯರ ಯೋಜನೆಗೆ 30 ಲಕ್ಷ ಕಟ್ಟುವಾಗ 10 ಲಕ್ಷದ ಮೂರು ಖಾತೆ ಮಾಡಿ. ಒಂದು ವರ್ಷದೊಳಗೆ ಮುಚ್ಚಿದರೆ ಕೊಟ್ಟ ಬಡ್ಡಿಯೂ ವಾಪಸ್ ಹೋಗುತ್ತೆ, ಎರಡು ವರ್ಷದೊಳಗೆ ಅಸಲಿನ ಶೇ. 1.5 ಕಡಿತ, ಆಮೇಲೆ ಶೇ. 1. ಮೂರು ಖಾತೆ ಇದ್ದರೆ ಆ ಏಟು ಒಂದಕ್ಕೆ ಮಾತ್ರ. ಆಧಾರ್, ಪ್ಯಾನ್, ಎರಡು ಫೋಟೊ, ಚೆಕ್ ತೆಗೆದುಕೊಂಡು ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಜಂಟಿ ಖಾತೆಗೆ ಅವರ ಸಹಿಯೂ ಬೇಕು.